ಮೂರು ಬಾರಿ ಹೇಳಿದ ಮಾತು

ದೇವದುರ್ಗದ ನಮ್ಮ ಖಾಲಾಗೆ ಉಮ್ರಾಕ್ಕೆ ಹೋಗುವ ಆಸೆ. ಆದರೆ ವಿಮಾನವೆಂದರೆ ಭಯ. "ಮಂಗಳೂರಿನದ್ದು ನೆನಪಾದ್ರೆ ಕೈಕಾಲು ತಣ್ಣಗಾಗ್ತಾವ" ಎನ್ನುತ್ತಾರೆ. ಮರುಕ್ಷಣವೇ, "ತಕ್ದೀರಿನಾಗ ಇದ್ದದ್ದು ತಪ್ಪತದೇನು?" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ.

ತಕ್ದೀರಿನಲ್ಲಿ ನನಗೂ ವಿಶ್ವಾಸವಿದೆ. ಆದರೆ ಆ ದುರಂತದ ತನಿಖೆಯ ವಿವರಗಳನ್ನು ಓದಿದವರು ಅಷ್ಟಕ್ಕೇ ಸುಮ್ಮನಾಗಲಾರರು.

2010ರ ಮೇ 22, ಶನಿವಾರ. ಬೆಳಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ ಬದುಕುಳಿದವರು ಎಂಟೇ ಮಂದಿ. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ, ಮಗನಿಗಾಗಿ ಅಡುಗೆ ಮಾಡಿ ಕಾದವರು ಮಯ್ಯಿತ್‌ಗಾಗಿ ಕಾಯಬೇಕಾಯಿತು.

ವಿಮಾನದಲ್ಲಿ ದೋಷವಿರಲಿಲ್ಲ. ಹವಾಮಾನವೂ ಅಡ್ಡಿಯಾಗಿರಲಿಲ್ಲ. ಕ್ಯಾಪ್ಟನ್ ಪ್ರಯಾಣದಲ್ಲಿ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ನಿದ್ದೆ ಹೋಗಿದ್ದರು. ಇಳಿಯುವಾಗ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು, ವೇಗವೂ ಹೆಚ್ಚಿತ್ತು. ಅಂಥ ಹೊತ್ತಿನಲ್ಲಿ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಸಹ ಪೈಲಟ್ ಅದನ್ನೇ ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಆಮೇಲೆ ಬ್ರೇಕ್ ಹಾಕಿ ನಿಲ್ಲಿಸುವ ಬದಲು ಮತ್ತೆ ಹಾರಿಸಲು ಹೋದರು.

ಒಬ್ಬನೇ ಪೈಲಟ್ ಓಡಿಸುವ ಸಣ್ಣ ಖಾಸಗಿ ವಿಮಾನಗಳಲ್ಲಾದರೆ ಎಚ್ಚರಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಇಲ್ಲಿ ಇದ್ದರು. ನನ್ನನ್ನು ಕಾಡುವುದು ಇದೇ. ಸಹ ಪೈಲಟ್ ಹೇಳಿದರು, ಆದರೆ ಹಿರಿಯರ ಕೈಯಿಂದ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.

ಹಿರಿಯರು ಕಿರಿಯರ ಮಾತು ಕೇಳಿದರೆ ಮಾನ ಹೋಗುತ್ತದೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ! ಹುದೈಬಿಯಾದಲ್ಲಿ ಒಪ್ಪಂದದಿಂದ ನೊಂದ ಸಹಾಬಿಗಳು ಬಲಿ ಕೊಡಲು ಏಳದೆ ಕುಳಿತಾಗ, ಪ್ರವಾದಿ(ಸ)ಯವರು ಪತ್ನಿ ಉಮ್ಮು ಸಲಮಾ(ರ)ರೊಂದಿಗೆ ವಿಷಯ ಹಂಚಿಕೊಂಡರು. ಯಾರೊಡನೆಯೂ ಮಾತನಾಡದೆ ಮೊದಲು ತಾವೇ ಬಲಿ ಕೊಡಿ ಎಂದು ಆಕೆ ಸಲಹೆ ಕೊಟ್ಟರು. ಅವರು ಹಾಗೆಯೇ ಮಾಡಿದರು, ಎಲ್ಲರೂ ಎದ್ದರು.

ನಮ್ಮ ರಾಯಚೂರಿನ ಕಡೆಯವರು ವಿಮಾನ ಹತ್ತಲು ಹೆಚ್ಚಾಗಿ ಹೈದರಾಬಾದಿಗೆ ಹೋಗುತ್ತಾರೆ. ನಮ್ಮ ದಿನನಿತ್ಯದ ಪ್ರಯಾಣವೆಲ್ಲ ರಸ್ತೆಯಲ್ಲೇ. ಮಾನ್ವಿಯ ನನ್ನ ನಾದಿನಿ ಒಂದು ರಾತ್ರಿ ರಾಯಚೂರಿನ ಮದುವೆ ಮುಗಿಸಿ ಗಂಡ, ಮಕ್ಕಳೊಂದಿಗೆ ಕಾರಿನಲ್ಲಿ ಮರಳುತ್ತಿದ್ದಳು. ಗಂಡನ ಕಣ್ಣು ಎಳೆಯುತ್ತಿತ್ತು. "ರೀ, ಗಾಡಿ ನಿಲ್ಲಿಸ್ರಿ" ಎಂದು ಮೂರು ಸಲ ಹೇಳಿದಳು. "ಸುಮ್ನೆ ಕೂಡು, ಇನ್ನೇನು ಬಂತು" ಎಂಬ ಉತ್ತರ. ನಾಲ್ಕನೇ ಸಲ ಅವಳು ಬಾಯಲ್ಲಿ ಹೇಳಲಿಲ್ಲ. ಮಡಿಲಲ್ಲಿ ಮಲಗಿದ್ದ ಮಗುವನ್ನು ಚಿವುಟಿ ಎಬ್ಬಿಸಿದಳು. ಅದು ಕಿರುಚಿದ್ದಕ್ಕೆ ಹಿಂದಿನ ಇಬ್ಬರೂ ಎದ್ದು ಅಳತೊಡಗಿದರು. ಆತ ಬೈಯುತ್ತಲೇ ಕಲ್ಲೂರಿನಲ್ಲಿ ಕಾರು ನಿಲ್ಲಿಸಿ, ಸೀಟಿಗೆ ಒರಗಿದವನು ಫಜ್ರ್‌ನ ಬಾಂಗ್ ಆಗುವವರೆಗೆ ಏಳಲಿಲ್ಲವಂತೆ.