ಕ್ಯಾಮೆರಾದ ಹಿಂದೆ ನಿಂತವರು

ಚಂದ್ರನ ಮೇಲೆ ಮೊದಲು ಕಾಲಿಟ್ಟವರು ನೀಲ್ ಆರ್ಮ್‌ಸ್ಟ್ರಾಂಗ್. ಆದರೆ ಅಲ್ಲಿ ತೆಗೆದ ಅವರ ಒಳ್ಳೆಯ ಫೋಟೊ ಹುಡುಕಿದರೂ ಸಿಗುವುದು ಕಷ್ಟ. ನಾವೆಲ್ಲ ನೋಡಿರುವ ಆ ಪ್ರಸಿದ್ಧ ಚಿತ್ರ ಬಜ್ ಆಲ್ಡ್ರಿನ್ ಅವರದು. ಹೆಚ್ಚು ಹೊತ್ತು ಕ್ಯಾಮೆರಾ ಇದ್ದದ್ದು ಆರ್ಮ್‌ಸ್ಟ್ರಾಂಗ್ ಬಳಿ. ಆಲ್ಡ್ರಿನ್ ಶಿರಸ್ತ್ರಾಣದ ಗಾಜಿನಲ್ಲಿ ಪುಟ್ಟ ಬಿಳಿ ಆಕೃತಿಯಾಗಿ ಕಾಣುವವರು ಅವರೇ.

1971ರಲ್ಲಿ ನಾಸಾ ಬಿಟ್ಟು ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಎಂಟು ವರ್ಷ ಪಾಠ ಮಾಡಿದರು. ತಮ್ಮ ಹಸ್ತಾಕ್ಷರ ಮಾರಾಟಕ್ಕಿಳಿದದ್ದು ತಿಳಿದ ಮೇಲೆ ಹಾಕಿಕೊಡುವುದನ್ನೇ ನಿಲ್ಲಿಸಿದರು. ಇದನ್ನು ಬಿಗುಮಾನ ಎನ್ನುವುದು ಅನ್ಯಾಯ. ಅಪೊಲೊ ಯೋಜನೆಗೆ ದುಡಿದ ಸುಮಾರು 4 ಲಕ್ಷ ಜನರ ಕೀರ್ತಿಯನ್ನು ಒಬ್ಬರೇ ಹೊರಲು ಅವರಿಗೆ ಮುಜುಗರವಿತ್ತು.

2012ರ ಆಗಸ್ಟ್ 25ರಂದು ತೀರಿಕೊಂಡರು. ಹಿಂದೆ ನೌಕಾಪಡೆಯ ಪೈಲಟ್ ಆಗಿದ್ದವರ ಚಿತಾಭಸ್ಮ ಅಟ್ಲಾಂಟಿಕ್ ಸಾಗರ ಸೇರಿತು, ಸಮಾಧಿಯಿಲ್ಲ. ಮನೆಯವರು ಜನರಲ್ಲಿ ಕೇಳಿಕೊಂಡದ್ದೂ ಸಣ್ಣದೇ: ತಿಳಿಯಾದ ರಾತ್ರಿ ಚಂದ್ರ ಕಂಡರೆ, ನೀಲ್‌ರನ್ನು ನೆನೆದು ಒಮ್ಮೆ ಕಣ್ಣು ಮಿಟುಕಿಸಿ.