ಅಂಚಿಗೆ ತಾಗಿದ ಚೆಂಡು

ಟೇಬಲ್ ಟೆನಿಸ್ ಚೆಂಡಿನ ತೂಕ 2.7 ಗ್ರಾಂ. ಹಿರೇಹಡಗಲಿಯ ಬೇಸಿಗೆಯಲ್ಲಿ ಈ ಅಂಕಿಗೆ ಇರುವ ಅರ್ಥ ಒಂದೇ: ಫ್ಯಾನ್ ಹಾಕುವಂತಿಲ್ಲ. ಮಾರ್ಚ್ ತಿಂಗಳ ಭಾನುವಾರ, ತಗಡಿನ ಸೂರಿನ ಗೋದಾಮಿನಲ್ಲಿ, ಬಾಗಿಲು ಮುಚ್ಚಿಕೊಂಡು ಹದಿನಾಲ್ಕು ಜನ ಬೆವರುತ್ತ ನಿಂತಿರುತ್ತೇವೆ. ನಮ್ಮ ಲೀಗಿನ ಮೊದಲ ಜಗಳ ಆದದ್ದೂ ಫ್ಯಾನಿನ ಮೇಲೆಯೇ. ಸೋಲುತ್ತಿದ್ದವರು ಹಾಕಿ ಅನ್ನುವುದು, ಗೆಲ್ಲುತ್ತಿದ್ದವರು ಆರಿಸಿ ಅನ್ನುವುದು. ಕೊನೆಗೆ, ಎರಡು ಗೇಮುಗಳ ನಡುವಿನ ಒಂದು ನಿಮಿಷ ಮಾತ್ರ ಫ್ಯಾನ್ ಎಂದು ಬರೆದು ಗೋಡೆಗೆ ಅಂಟಿಸಿದೆ. ಅದೇ ನಮ್ಮ ಮೊದಲ ನಿಯಮ.

ಗೋದಾಮು ಮೆಕ್ಕೆಜೋಳದ್ದು. ಸುಗ್ಗಿ ಮುಗಿದು ಚೀಲಗಳೆಲ್ಲ ಲಾರಿ ಹತ್ತಿದ ಮೇಲೆ, ಅಂದರೆ ಜನವರಿ ಹೊತ್ತಿಗೆ, ಅದು ನಮ್ಮ ಪಾಲಿಗೆ ಬರುತ್ತದೆ. ಒಂದು ವಾರ ಗುಡಿಸಿದರೂ ಧೂಳು ಹೋಗುವುದಿಲ್ಲ. ಹದಿನಾಲ್ಕು ಜನ, ಎಲ್ಲರೂ ಎಲ್ಲರೊಂದಿಗೆ ಒಮ್ಮೆ ಆಡಬೇಕೆಂದರೆ 91 ಪಂದ್ಯ. ವಾರಕ್ಕೆ ಏಳರಂತೆ ಹದಿಮೂರು ಭಾನುವಾರ. ಮೈಲಾರದ ಜಾತ್ರೆಯ ವಾರ ಯಾರೂ ಬರುವುದಿಲ್ಲ, ಮದುವೆಗಳ ಹಂಗಾಮು ಬೇರೆ. ಎಲ್ಲ ಸೇರಿ ಏಪ್ರಿಲ್ ಕೊನೆಗೆ ಹೇಗೋ ಮುಗಿಯುತ್ತದೆ. ಪಟ್ಟಿ ಬರೆಯುವವನು, ಚೆಂಡು ತರುವವನು, ಕೀಲಿ ಕೈ ಇಟ್ಟುಕೊಳ್ಳುವವನು ನಾನು. ಔಷಧಿ ಅಂಗಡಿಯವನಾದ್ದರಿಂದ ಕಾಲು ಉಳುಕಿದವರಿಗೆ ಸ್ಪ್ರೇ ಹೊಡೆಯುವವನೂ ನಾನೇ.

ನಮ್ಮ ಊರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಎರಡು ಕಾರಣಕ್ಕೆ. ಒಂದು ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ. ಇನ್ನೊಂದು ಇಲ್ಲಿ ಸಿಕ್ಕ, ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟ. ದಾನ ಕೊಟ್ಟ ಭೂಮಿಯಲ್ಲಿ ರಾಜನ ಅಧಿಕಾರಿಗಳು ಏನೇನನ್ನು ಮುಟ್ಟಬಾರದು ಎಂದು ಆ ಪಟದಲ್ಲಿ ಒಂದೊಂದಾಗಿ ಹೇಳಿದೆ: ಹಾಲು ಮೊಸರು, ಉಪ್ಪು ಸಕ್ಕರೆ, ಹುಲ್ಲು ಕಟ್ಟಿಗೆ. ಸುಮ್ಮನೆ 'ತೊಂದರೆ ಕೊಡಬೇಡಿ' ಎಂದರೆ ಸಾಲದೆಂದು ಬರೆಸಿದವನಿಗೆ ಗೊತ್ತಿತ್ತು. ಲೀಗಿನ ನಿಯಮ ಬರೆಯುವಾಗ ನನಗೂ ಅದು ಗೊತ್ತಾಯಿತು. 'ಸಭ್ಯವಾಗಿ ಆಡಿ' ಎಂದು ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ. ಚೆಂಡನ್ನು ತೆರೆದ ಅಂಗೈ ಮೇಲಿಟ್ಟು ಕನಿಷ್ಠ 16 ಸೆಂಟಿಮೀಟರ್ ಮೇಲೆತ್ತಿ ಸರ್ವ್ ಮಾಡಬೇಕು, ಎದುರಾಳಿ ಕೇಳಿದರೆ ಬ್ಯಾಟನ್ನು ತೋರಿಸಬೇಕು ಎಂದು ಬರೆದಾಗ ಮಾತ್ರ ವಾದ ಶುರುವಾಗುತ್ತದೆ. ವಾದ ಶುರುವಾದರೆ ಓದಿದ್ದಾರೆ ಎಂದು ಅರ್ಥ.

ಆದರೆ ಬರೆಯಲಾಗದ್ದೂ ಇದೆ. ಚೆಂಡು ಮೇಜಿನ ಮೇಲಂಚಿಗೆ ತಾಗಿದರೆ ಹೊಡೆದವರಿಗೆ ಪಾಯಿಂಟು, ಅಂಚಿನ ಕೆಳಗಿನ ಬದಿಗೆ ತಾಗಿದರೆ ಇಲ್ಲ. ಎರಡರ ನಡುವೆ ಒಂದು ಕಾಳಿನಷ್ಟೂ ಜಾಗವಿಲ್ಲ. ಅದನ್ನು ಸರಿಯಾಗಿ ನೋಡುವವನು ಬಹಳ ಸಲ ಒಬ್ಬನೇ, ಆ ತುದಿಯಲ್ಲಿ ನಿಂತು ಪಾಯಿಂಟು ಕಳೆದುಕೊಳ್ಳಲಿರುವವನು. ನಮ್ಮಲ್ಲಿ ಕ್ಯಾಮೆರಾ ಇಲ್ಲ, ತರಬೇತಿ ಪಡೆದ ಅಂಪೈರೂ ಇಲ್ಲ. ಸೋತವರು ಮುಂದಿನ ಪಂದ್ಯಕ್ಕೆ ಸ್ಟೂಲಿನ ಮೇಲೆ ಕೂರಬೇಕು, ಅಷ್ಟೇ ಏರ್ಪಾಡು. ಚೆಂಡು ನೆಟ್ಟಿಗೋ ಅಂಚಿಗೋ ತಾಗಿ ಅದೃಷ್ಟದಿಂದ ಪಾಯಿಂಟು ಬಂದಾಗ ಕೈಯೆತ್ತಿ 'ಸಾರಿ' ಅನ್ನುವ ರೂಢಿ ಈ ಆಟದಲ್ಲಿ ಎಲ್ಲೆಡೆ ಇದೆ. ಅದನ್ನೂ ನಿಯಮ ಮಾಡೋಣ ಎಂದು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಪಟ್ಟಿ ನೋಡಿ ಕೇಳುವ ಕ್ಷಮೆ ಯಾರಿಗೆ ಬೇಕು?

ಕಳೆದ ಹಂಗಾಮಿನ ಒಂಬತ್ತನೆಯ ಭಾನುವಾರ ನಡೆದದ್ದನ್ನು ಹೇಳಬೇಕು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು ಇಂಜಿನಿಯರಿಂಗ್ ಓದುವ ಹುಡುಗ. ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಮೇಜು ಕೊಡಿಸಿದವರು ಅವನ ಅಪ್ಪ. ಎದುರಾಳಿ ಗೊಬ್ಬರದ ಅಂಗಡಿಯ ಮಾವ, ಐವತ್ತೆಂಟು ವಯಸ್ಸು, ಗೇಮಿಗೆ 21 ಪಾಯಿಂಟು ಇದ್ದ ಕಾಲದಿಂದ ಆಡುತ್ತಿರುವವರು. ಸ್ಟೂಲಿನ ಮೇಲೆ ಒಂಬತ್ತನೆಯ ತರಗತಿಯ ಹುಡುಗಿ. ಅವಳ ಅಪ್ಪ ಟೇಲರ್. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲಿನಲ್ಲಿ ಜರ್ಮನಿಗೆ 1-3ರಲ್ಲಿ ಸೋತಾಗ ಆ ಒಂದನ್ನು ಗೆದ್ದುಕೊಟ್ಟವರು ಬೆಂಗಳೂರಿನ ಅರ್ಚನಾ ಕಾಮತ್. ಆ ಪಂದ್ಯವನ್ನು ಅಪ್ಪನ ಫೋನಿನಲ್ಲಿ ನೋಡಿದ ಮೇಲೆ ಈ ಹುಡುಗಿ ಗೋದಾಮಿನ ಬಾಗಿಲಿಗೆ ಬಂದು ನಿಂತಿದ್ದಳು.

ಐದನೆಯ ಗೇಮು, ಒಂಬತ್ತು-ಒಂಬತ್ತು. ಮಾವ ಹೊಡೆದ ಚೆಂಡು ಹುಡುಗನ ತುದಿಯಲ್ಲಿ ಕೆರೆದುಕೊಂಡು ಹೋಯಿತು. "ಬದಿಗೆ ಬಡದೈತಿ" ಅಂದ ಅವನು. "ಇಲ್ಲಣ್ಣ, ಅಂಚಿಗೇ ತಾಗೇತಿ" ಅಂದಳು ಅವಳು. ಬ್ಯಾಟು ಹಾರಿ ಬಂದು ಸ್ಟೂಲಿನ ಕಾಲಿಗೆ ಬಡಿಯಿತು. "ನಿನಗೇನ್ ತಿಳೀತದ? ಮನೀಗ್ ಹೋಗಿ ಕಸಬರಗಿ ಹಿಡಿ" ಎಂದ. ಗೋದಾಮಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅವಳು ಅಂಕಿಯ ಹಾಳೆ ಮಗುಚಿ, "ಹತ್ತು-ಒಂಬತ್ತು" ಅಂದಳು. ದನಿ ಸಣ್ಣಗಿತ್ತು, ಆದರೆ ಸ್ಪಷ್ಟವಾಗಿತ್ತು. ಮುಂದಿನ ಪಾಯಿಂಟನ್ನೂ ಅವನು ಕಳೆದುಕೊಂಡ.

ದೊಡ್ಡ ಪಂದ್ಯಗಳಲ್ಲಾದರೆ ಹಳದಿ ಕಾರ್ಡು, ಆಮೇಲೆ ಪಾಯಿಂಟು ಕಡಿತ. ನಮ್ಮಲ್ಲೂ ಮದುವೆಯ ಕರೆಯೋಲೆ ಕತ್ತರಿಸಿ ಮಾಡಿದ ಹಳದಿ ಕಾರ್ಡೊಂದು ಇತ್ತು. ಅವತ್ತು ಅದನ್ನು ತೆಗೆದರೆ ನಗೆಪಾಟಲಾಗುತ್ತಿತ್ತು. ರಾತ್ರಿ ಐದು ಜನ ಕೂತೆವು. ಒಬ್ಬರು "ಹುಡುಗು ಬುದ್ಧಿ, ಬಿಡ್ರಿ" ಅಂದರು. ಇನ್ನೊಬ್ಬರು ಮೇಜಿನ ಮಾತು ತೆಗೆದರು. ನಿಜವಾದ ಹೆದರಿಕೆ ಅದೇ ಆಗಿತ್ತು. ಬ್ಯಾಟು ಎಸೆದದ್ದಕ್ಕಿಂತ ಕಸಬರಿಗೆಯ ಮಾತು ದೊಡ್ಡದು ಎಂದು ನಾನು ಹೇಳಿದೆ. ಬ್ಯಾಟು ಸ್ಟೂಲಿಗೆ ತಾಗಿತ್ತು, ಮಾತು ಹುಡುಗಿಗೆ ತಾಗಿತ್ತು. ಅದಕ್ಕೆ ಉತ್ತರ ಕೊಡದಿದ್ದರೆ ಅವಳು ಮುಂದಿನ ವಾರ ಬರುವುದಿಲ್ಲ, ಅವಳ ಹಿಂದೆ ಬರಬೇಕೆಂದಿದ್ದ ಇಬ್ಬರು ಹುಡುಗಿಯರೂ ಬರುವುದಿಲ್ಲ. ಎರಡು ವಾರ ಆಟವಿಲ್ಲ, ಆದರೆ ಆ ಎರಡು ವಾರ ಬಂದು ಅಂಪೈರಿಂಗ್ ಮಾಡಬೇಕು, ಅದರಲ್ಲಿ ಒಂದು ಅವಳದೇ ಪಂದ್ಯ ಎಂದು ಬರೆದೆವು.

ಮರುದಿನ ಅಂಗಡಿ ತೆರೆಯುವ ಮುಂಚೆಯೇ ಅಪ್ಪನ ಫೋನು. "ಮೇಜು ನಂದೈತಿ ಅನ್ನೋದು ನೆನಪೈತೇನ್ರಿ?"

"ಐತ್ರಿ. ದಾನಿಗಳ ಪಟ್ಟಿಯೊಳಗ ಮೊದಲ ಹೆಸರು ನಿಮ್ಮದs."

ಅವರು ಫೋನು ಇಟ್ಟರು. ಮೇಜು ಒಯ್ಯಲು ಯಾರೂ ಬರಲಿಲ್ಲ, ಅವರೂ ಮತ್ತೆ ಈ ಕಡೆ ಬಂದಿಲ್ಲ. ಹೊಸ ಮೇಜಿನ ದರ ವಿಚಾರಿಸಿ, ನನ್ನ ಅಂಗಡಿಯ ಗಲ್ಲೆಯ ಪಕ್ಕ ಒಂದು ಡಬ್ಬಿ ಇಟ್ಟಿದ್ದೇನೆ. ಈಗಿರುವ ಚಿಲ್ಲರೆಗೆ ನೆಟ್ಟು ಬರಬಹುದು.

ಹುಡುಗ ಬಂದ. ಮೊದಲ ವಾರ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದ, ಎರಡು ಸಲ ಅಂಕಿ ತಪ್ಪು ಹೇಳಿದ. ಎರಡನೆಯ ವಾರ ಹುಡುಗಿಗೂ ಗೊಬ್ಬರದಂಗಡಿ ಮಾವನಿಗೂ ಪಂದ್ಯ. ಅವಳ ಕಡೆ ನೋಡದೆಯೇ ಅಂಕಿ ಕೂಗುತ್ತಿದ್ದ. ಮೂರನೆಯ ಗೇಮಿನಲ್ಲಿ ತಟ್ಟನೆ ಕೈಯೆತ್ತಿ, "ಲೆಟ್. ಮಾವ, ಚೆಂಡು ಸಾಕಷ್ಟು ಮ್ಯಾಲ ಹೋಗವಲ್ದು. ಇದು ಎಚ್ಚರಿಕೆ" ಅಂದ.

ಮಾವನಿಗೆ ಸಿಟ್ಟು ಬಂತು. "ನಾ ಆಡಾಕ ಹತ್ತಿದಾಗ ನೀ ಹುಟ್ಟಿದ್ದಿಲ್ಲ! ನನಗ ಸರ್ವಿಸ್ ಕಲಸ್ತೀಯೇನಲೇ?"

"ಖರೇನ ಮಾವ," ಎದುರು ತುದಿಯಿಂದ ಹುಡುಗಿ ಅಂದಳು. "ಮೊದಲ್ನೇ ಗೇಮಿನಿಂದ ನಾನೂ ನೋಡಾಕ ಹತ್ತೀನಿ."

ಮಾವ ಇಬ್ಬರನ್ನೂ ನೋಡಿದರು, ನನ್ನನ್ನೂ ನೋಡಿದರು. ಅಂಗೈ ಬಿಚ್ಚಿ, ಚೆಂಡಿಟ್ಟು, ಎಷ್ಟು ಜೋರಾಗಿ ಮೇಲೆಸೆದರೆಂದರೆ ಅದು ಫ್ಯಾನಿನ ರೆಕ್ಕೆಗೆ ತಾಗಿ, ಮೂಲೆಯಲ್ಲಿದ್ದ ಖಾಲಿ ಚೀಲಗಳ ರಾಶಿಯೊಳಗೆ ಬಿತ್ತು. ಮೂವರೂ ಸೇರಿ ಹುಡುಕಿದರು.