ಎತ್ತಿಲ್ಲದ ಗಾಣ, 14 ರೂಪಾಯಿ ಕ್ಲಿಕ್ಕು

1/5
ಫೋಟೋದಲ್ಲಿರೋದು ನಮ್ಮ ಗಾಣ. ಮರದ ಒರಳು, ಮರದ ಒನಕೆ, ತಿರುಗಿಸೋಕೆ ಮೋಟಾರು. ಎತ್ತು ಇಲ್ಲ. ಈ ಕೊನೇ ಮಾತು ನೆನಪಿಟ್ಕೊಳಿ, ಮುಂದೆ ಬೇಕಾಗ್ತದೆ.

ಹೋದ ವಾರ ಗೂಗಲ್ ಜಾಹೀರಾತಿನ ಬಗ್ಗೆ ಒಂದು ಸಾಲು ಬರೆದಿದ್ದೆ. "ಕ್ಲಿಕ್ಕಿಗೆ ಎಷ್ಟು ಬೀಳುತ್ತೆ? ಕಮ್ಮಿ ಮಾಡೋದು ಹೆಂಗೆ?" ಅಂತ ಸುಮಾರು ಜನ ಕೇಳಿದ್ರಿ. ಬರೆಯೋಕೆ ಕೂತೆ, ಐದು ಭಾಗ ಆಯ್ತು.

ನಮ್ದು ಹೊಣಕೆರೆ ಹೋಬಳಿ. ರಾಗಿ, ತೆಂಗು, ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು. ಗಾಣ ಹಾಕಿದ ಮೇಲೆ ಗೊತ್ತಾಗಿದ್ದು, ನಮ್ಮೆಣ್ಣೆ ಕೇಳೋರು ನಾಗಮಂಗಲಕ್ಕಿಂತ ಬೆಂಗಳೂರಲ್ಲಿ ಜಾಸ್ತಿ. ಅವರನ್ನ ಮುಟ್ಟೋದು ಹೆಂಗೆ? ಅವ್ವನ ಚೀಟಿ ದುಡ್ಡಲ್ಲಿ 20 ಸಾವಿರ ಜಾಹೀರಾತಿಗೆ ಅಂತ ಇಸ್ಕೊಂಡೆ.

ಮೊದಲ ಕಂತು 5,000 ಹಾಕ್ದಾಗಲೇ ಮೊದಲ ಪಾಠ. 18% ಜಿಎಸ್‌ಟಿ ಅದರೊಳಗೇ ಸೇರಿರುತ್ತೆ, ಜಾಹೀರಾತಿಗೆ ಸಿಗೋದು 4,237. ಎರಡು ವಾರಕ್ಕೆ ಅದೂ ಖಾಲಿ. ಕ್ಲಿಕ್ಕಿಗೆ ಸರಾಸರಿ 14 ರೂಪಾಯಿ, ಮುನ್ನೂರು ಕ್ಲಿಕ್ಕು, ನಾಲ್ಕು ಆರ್ಡರು.

"ಆ ದುಡ್ಗೆ ಎಷ್ಟು ಮೂಟೆ ಕಡ್ಲೆಕಾಯಿ ಬತ್ತಿತ್ತು, ಲೆಕ್ಕ ಹಾಕಿದ್ದೀಯೇನ್ಲಾ?" ಅಂದ್ರು ಅಪ್ಪ. ಹಾಕಿದ್ದೆ. ಹೇಳಲಿಲ್ಲ.

2/5
ಹೆಚ್ಚು ಕೂಗಿದವನು ಮೇಲೆ, ಕಮ್ಮಿ ಕೂಗಿದವನು ಕೆಳಗೆ, ಹರಾಜು ಅಂದ್ರೆ ಅಷ್ಟೇ ಅಂದ್ಕೊಂಡಿದ್ದೆ. ಒಂದು ಕಾಲಕ್ಕೆ ಹಾಗೇ ಇತ್ತು. 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಹುಡುಕಾಟದ ಜಾಗಗಳನ್ನ ಹರಾಜು ಹಾಕೋಕೆ ಶುರು ಮಾಡ್ದಾಗ ಜಾಸ್ತಿ ಕೊಟ್ಟವರಿಗೆ ಮೇಲಿನ ಜಾಗ. 2002ರಲ್ಲಿ ಗೂಗಲ್ ಕ್ಲಿಕ್ಕಿನ ಹರಾಜಿಗೆ ಇಳಿದಾಗ ಇನ್ನೊಂದು ಸೇರಿಸ್ತು: ಜಾಹೀರಾತು ನೋಡಿದವರಲ್ಲಿ ಒತ್ತೋರು ಎಷ್ಟು ಜನ? ಯಾರೂ ಒತ್ತದ ಜಾಹೀರಾತನ್ನ ಮೇಲೆ ಕೂರಿಸಿದ್ರೆ ಗೂಗಲ್‌ಗೂ ಕಾಸು ಹುಟ್ಟಲ್ಲ ನೋಡಿ.

ಈಗ ಮುಖ್ಯವಾಗಿ ಮೂರು ನೋಡ್ತಾರೆ. ಒತ್ತೋ ಸಾಧ್ಯತೆ ಎಷ್ಟು, ಹುಡುಕಿದ ಮಾತಿಗೂ ಜಾಹೀರಾತಿಗೂ ಹೊಂದಿಕೆ ಇದೆಯಾ, ಒತ್ತಿದ ಮೇಲೆ ತೆರೆಯೋ ಪುಟ ಹೇಗಿದೆ. ಪ್ರತಿ ಕೀವರ್ಡಿಗೂ 1ರಿಂದ 10ರೊಳಗೆ ಕ್ವಾಲಿಟಿ ಸ್ಕೋರ್ ಕಾಣುತ್ತೆ. ಹರಾಜಿಗೆ ಆ ಅಂಕಿಯನ್ನೇ ತಗೊಳಲ್ಲ, ಗುಣವನ್ನ ಪ್ರತಿ ಹುಡುಕಾಟಕ್ಕೂ ಹೊಸದಾಗಿ ಅಳೀತಾರೆ. ಆದ್ರೆ ನಾವು ಎಲ್ಲಿ ಎಡವಿದೀವಿ ಅಂತ ತಿಳಿಯೋಕೆ ಅದು ಸಾಕು.

ಲೆಕ್ಕ ಸರಳ ಮಾಡಿ ಹೇಳ್ತೀನಿ. ನನ್ನ ಬಿಡ್ 10 ರೂಪಾಯಿ, ಗುಣ 8. ಗುಣಿಸಿದ್ರೆ 80. ಇನ್ನೊಬ್ಬನ ಬಿಡ್ 18, ಗುಣ 4. ಗುಣಿಸಿದ್ರೆ 72. ಕಮ್ಮಿ ಕೂಗಿದ ನಾನೇ ಮೇಲೆ! ಕೊಡೋದೂ ಪೂರ್ತಿ 10 ಅಲ್ಲ, ಕೆಳಗಿನವನನ್ನ ದಾಟೋಕೆ ಬೇಕಾದಷ್ಟು ಮಾತ್ರ. 72 ಭಾಗಿಸು 8, ಅಂದ್ರೆ 9 ರೂಪಾಯಿ, ಒಂಚೂರು ಆಚೀಚೆ. ಆ ಇನ್ನೊಬ್ಬನ ಕೆಳಗೆ 40 ಇರೋನು ಇದ್ರೆ, ಅವನು 40 ಭಾಗಿಸು 4, ಅಂದ್ರೆ 10 ಕೊಡ್ತಾನೆ. ನನಗಿಂತ ಕೆಳಗೆ ಕೂತು ನನಗಿಂತ ಹೆಚ್ಚು ಕೊಡ್ತಾನೆ.

ಆಗ ಆ ಇನ್ನೊಬ್ಬನ ಜಾಗದಲ್ಲಿದ್ದವನು ನಾನು. ನನ್ನ ಮುಖ್ಯ ಕೀವರ್ಡಿಗೆ ಬಂದಿದ್ದ ಅಂಕ 3.

3/5
ಎರಡನೇ ಕಂತು ಹಾಕೋ ಮುಂಚೆ ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆದೆ. ಜನ ನಿಜಕ್ಕೂ ಏನು ಟೈಪ್ ಮಾಡಿ ನಮ್ಮ ಹತ್ರ ಬಂದ್ರು ಅನ್ನೋ ಪಟ್ಟಿ ಅದು. ಓದ್ತಾ ಓದ್ತಾ ಹೊಟ್ಟೆ ಉರೀತು.

"ಗಾಣದ ಮಷೀನ್ ಬೆಲೆ". "ಎಣ್ಣೆ ಮಿಲ್ ಕೆಲಸ". "ಕೊಬ್ಬರಿ ಇವತ್ತಿನ ರೇಟು ತಿಪಟೂರು". "ಕೂದಲಿಗೆ ಯಾವ ಎಣ್ಣೆ". ಎಣ್ಣೆ ಕೊಳ್ಳೋಕೆ ಬಂದೋರು ಮೂರರಲ್ಲಿ ಒಬ್ಬರೂ ಇಲ್ಲ. ತಪ್ಪು ನಂದೇ. ಕೀವರ್ಡ್ ಸುಮ್ನೆ ಬರೆದ್ರೆ ಅದು ಬ್ರಾಡ್ ಮ್ಯಾಚ್ ಆಗುತ್ತೆ, ಹತ್ತಿರದ ಅರ್ಥ ಇರೋದಕ್ಕೆಲ್ಲ ಜಾಹೀರಾತು ಹೋಗುತ್ತೆ.

ಮಾಡಿದ ರಿಪೇರಿ ಇಷ್ಟು:

ಮಷೀನ್, ಕೆಲಸ, ರೇಟು, ತರಬೇತಿ, ಸಬ್ಸಿಡಿ, ಇವನ್ನೆಲ್ಲ ನೆಗೆಟಿವ್ ಕೀವರ್ಡಿಗೆ ಹಾಕಿದೆ. ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲೂ. "ಬೆಲೆ" ಹಾಕಿದ್ರೆ "ರೇಟು" ತಾನಾಗಿ ನಿಲ್ಲಲ್ಲ, ಎರಡೂ ಬರೀಬೇಕು.

ಉಳಿದ ಕೀವರ್ಡನ್ನ ಫ್ರೇಸ್ ಮತ್ತು ಎಕ್ಸಾಕ್ಟ್ ಮ್ಯಾಚಿಗೆ ತಂದೆ.

ಲೊಕೇಶನ್ ಸೆಟ್ಟಿಂಗ್ ನೋಡಿದೆ. ಬೆಂಗಳೂರು ಅಂತ ಕೊಟ್ಟಿದ್ದೆ. ಆದ್ರೆ "ಆ ಜಾಗದಲ್ಲಿರೋರು ಅಥವಾ ಆಸಕ್ತಿ ಇರೋರು" ಅಂತಿತ್ತು. "ಅಲ್ಲಿರೋರು" ಮಾತ್ರ ಮಾಡಿದೆ.

ಡಿಸ್‌ಪ್ಲೇ ನೆಟ್‌ವರ್ಕಿನ ಟಿಕ್ಕು ತೆಗೆದೆ. ಮೊದಲೇ ಹಾಕಿರ್ತಾರೆ, ನಾವು ನೋಡಿರಲ್ಲ.

ಕೊಬ್ಬರಿ, ಕಡ್ಲೆಕಾಯಿ, ಹುಚ್ಚೆಳ್ಳು, ಮೂರಕ್ಕೂ ಬೇರೆ ಬೇರೆ ಆಡ್ ಗ್ರೂಪು, ಬೇರೆ ಬೇರೆ ಪುಟ. ಮುಂಚೆ ಎಲ್ಲರನ್ನೂ ಒಂದೇ ಪುಟಕ್ಕೆ ಕಳಿಸ್ತಿದ್ದೆ. ಅದರಲ್ಲಿ ಒಂದೊಂದು ಫೋಟೋನೂ 6 ಎಂಬಿ, ಫೋನಲ್ಲಿ ತೆರೆಯೋದ್ರೊಳಗೆ ಜನ ವಾಪಸ್. ಫೋಟೋ ಚಿಕ್ಕದು ಮಾಡಿ, ರೇಟು ಮೇಲೇ ಹಾಕಿದೆ.

ಒಂದು ನಿರಾಸೆ: ಹುಚ್ಚೆಳ್ಳೆಣ್ಣೆ ಕೀವರ್ಡ್ ಸುಮಾರು ದಿನ "ಹುಡುಕೋರು ಕಮ್ಮಿ" ಅಂತ ಹೇಳಿ ಓಡಲೇ ಇಲ್ಲ. ಕೇಳೋರೇ ಇಲ್ಲದ ಕಡೆ ಜಾಗ ಅಗ್ಗ ಅಂತ ಖುಷಿ ಪಡೋ ಹಾಗಿಲ್ಲ.

4/5
ಇಷ್ಟೆಲ್ಲ ಮಾಡಿದ್ರೂ ಒಂದು ಕೀವರ್ಡನ್ನ ನಾನು ಮುಟ್ಟಿರಲಿಲ್ಲ. "ಎತ್ತಿನ ಗಾಣದ ಎಣ್ಣೆ". ಜಾಹೀರಾತಿನ ಮೊದಲ ಸಾಲೂ ಅದೇ. ಬೇರೆಯವರು ಹಾಕಿದ್ದು ನೋಡಿ ನಾನೂ ಹಾಕಿದ್ದೆ. ಮರದ ಗಾಣ ತಾನೆ, ಎಣ್ಣೆ ಒಂದೇ ತಾನೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಜನ ಹೆಚ್ಚು ಒತ್ತುತ್ತಿದ್ದದ್ದೂ ಅದನ್ನೇ, ದುಡ್ಡು ಹೆಚ್ಚು ನುಂಗುತ್ತಿದ್ದದ್ದೂ ಅದೇ.

ಒಂದು ಶುಕ್ರವಾರ ಬೆಂಗಳೂರಿಂದ ಒಬ್ಬರು ಹಿರಿಯರು ಫೋನ್ ಮಾಡಿದ್ರು. ನಾನು ಹಿಂಡಿ ತೆಗೀತಿದ್ದೆ, ಕೈಯೆಲ್ಲ ಎಣ್ಣೆ, ಅಪ್ಪನೇ ತಗೊಂಡ್ರು. ಸ್ಪೀಕರ್ ಆನ್ ಇತ್ತು.

"ಭಾನುವಾರ ಮೊಮ್ಮಕ್ಕಳನ್ನ ಕರ್ಕೊಂಡು ಬರ್ತೀವಿ. ಎತ್ತು ಗಾಣ ತಿರುಗಿಸೋದು ತೋರಿಸ್ಬೇಕು. ನಮ್ಮ ತಾತನ ಮನೇಲಿತ್ತು."

ಅಪ್ಪ ನನ್ನ ಮುಖ ನೋಡಿದ್ರು. ನಾನು ತಲೆ ತಗ್ಗಿಸಿದೆ.

"ಎತ್ತಿಲ್ಲ ಸ್ವಾಮಿ. ನಮ್ಮೆತ್ತು ಮಾರಿ ಒಂಬತ್ತು ವರ್ಷ ಆಯ್ತು. ಗಾಣ ಮರದ್ದೇಯ, ಆದ್ರೆ ಮೋಟಾರಲ್ಲಿ ತಿರುಗ್ತದೆ. ಬಂದ್ರೆ ಊಟ ಮಾಡ್ಕೊಂಡ್ ಹೋಗಿ."

ಅವರು ಬರಲಿಲ್ಲ. ಎಣ್ಣೆನೂ ತಗೊಳಲಿಲ್ಲ.

ಅಪ್ಪ ಬೈಯಲಿಲ್ಲ. ಫೋನ್ ಕೊಡ್ತಾ ಅಂದಿದ್ದು ಒಂದೇ ಮಾತು: "ಇಲ್ದಿರೋ ಎತ್ಗೆ ಹದ್ನಾಕು ರೂಪಾಯಂಗೆ ಹುಲ್ಲಾಕ್ತಾ ಇದ್ದೀಯಲ್ಲೋ."

ಗೂಗಲ್ ಹೇಳೋ "ಲ್ಯಾಂಡಿಂಗ್ ಪೇಜ್ ಸರಾಸರಿಗಿಂತ ಕಮ್ಮಿ" ಅನ್ನೋದನ್ನ ನನಗೆ ಅರ್ಥ ಮಾಡಿಸಿದ್ದು ಅಪ್ಪ. ಎತ್ತು ಹುಡುಕ್ಕೊಂಡು ಬಂದೋನು ನಮ್ಮ ಪುಟದಲ್ಲಿ ಎತ್ತು ಕಾಣದೆ ಹಿಂದಕ್ಕೆ ಹೋಗ್ತಿದ್ದ. ಒತ್ತಿದ್ದಕ್ಕೆ ನನ್ನ ದುಡ್ಡು ಹೋಗ್ತಿತ್ತು, ನಂಬಿದ್ದಕ್ಕೆ ಅವನ ಹೊತ್ತು ಹೋಗ್ತಿತ್ತು.

5/5
ಅವತ್ತು ರಾತ್ರಿಯೇ ಆ ಕೀವರ್ಡ್ ತೆಗೆದು "ಎತ್ತಿನ" ಅನ್ನೋದನ್ನ ನೆಗೆಟಿವ್ ಪಟ್ಟಿಗೆ ಹಾಕಿದೆ. ಹೊಸ ಮೊದಲ ಸಾಲು: "ಮೋಟಾರಿನ ಮರದ ಗಾಣ". ಎರಡನೇದು: "ಹೊಣಕೆರೆಯ ಕಡ್ಲೆಕಾಯಿ ಎಣ್ಣೆ". ಪುಟದ ಮೇಲ್ಗಡೆ ನೀವು ನೋಡಿದ ಇದೇ ಫೋಟೋ, ಮೋಟಾರು ಕಾಣೋ ಹಾಗೆ.

ಮೊದಲ ವಾರ ಕ್ಲಿಕ್ಕು ಅರ್ಧಕ್ಕೆ ಇಳೀತು. ಭಯ ಆಯ್ತು. ವಾಪಸ್ ಹಾಕ್ಬಿಡೋಣ ಅಂತ ಎರಡು ಸಲ ಕೈ ಹೋಯ್ತು. ತಡ್ಕೊಂಡೆ.

ಎರಡು ತಿಂಗಳಿಗೆ ಕಡ್ಲೆಕಾಯಿ ಎಣ್ಣೆ ಕೀವರ್ಡಿನ ಅಂಕ 7ಕ್ಕೆ ಬಂತು. ಬಿಡ್ ಒಂದು ರೂಪಾಯಿನೂ ಏರಿಸಿಲ್ಲ, ಆದ್ರೂ ಜಾಹೀರಾತು ಮುಂಚಿಗಿಂತ ಮೇಲೆ ಕಾಣುತ್ತೆ. ಕ್ಲಿಕ್ಕು ಸರಾಸರಿ 6 ರೂಪಾಯಿ ಚಿಲ್ಲರೆ. ಆರ್ಡರು ದಿನಾ ಬರಲ್ಲ, ಬಂದೋರು ಎರಡನೇ ಸಲ ಕೇಳ್ತಾರೆ. ಎಲ್ಲರಿಗೂ ಇದೇ ಅಂಕಿ ಬರುತ್ತೆ ಅಂತ ನಾನು ಹೇಳಲ್ಲ. ಹಬ್ಬದ ಸೀಸನ್ನಲ್ಲಿ ದೊಡ್ಡ ಕಂಪನಿಗಳು ಹರಾಜಿಗೆ ಇಳಿದ್ರೆ ನಮ್ಮ ಗುಣ ಎಷ್ಟಿದ್ರೂ ರೇಟು ಏರುತ್ತೆ.

ಹೊಸದಾಗಿ ಶುರು ಮಾಡೋರಿಗೆ ಒಂದೇ ಮಾತು. ಬಿಡ್ ಏರಿಸೋ ಮುಂಚೆ ಜನ ಟೈಪ್ ಮಾಡಿದ್ದನ್ನ ಓದಿ. ಅವರು ಕೇಳಿದ್ದು ನಿಮ್ಮ ಹತ್ರ ಇದೆಯಾ? ಇದ್ರೆ ಅದನ್ನೇ ಹೇಳಿ. ಇಲ್ಲದಿದ್ರೆ ಅವರನ್ನ ಕರೀಬೇಡಿ. ಕರೆದಿದ್ದಕ್ಕೂ ದುಡ್ಡು ಬೀಳುತ್ತೆ.

ಅವ್ವನ ಚೀಟಿ ದುಡ್ಡಲ್ಲಿ 8 ಸಾವಿರ ಇನ್ನೂ ಹಾಗೇ ಇದೆ. ಅಪ್ಪ ಈಗ ರಾತ್ರಿ ಊಟಕ್ಕೆ ಕೂತಾಗ ಕೇಳ್ತಾರೆ, "ಇವತ್ತು ಎಷ್ಟ್ ಜನ ಒತ್ತುದ್ರು?"

ಆ ಹಿರಿಯರ ನಂಬರ್ ನನ್ನ ಫೋನಲ್ಲಿದೆ. ಒಂದು ಲೀಟರ್ ಎಣ್ಣೆ ಕಳಿಸ್ಬೇಕು ಅಂತ ಇದೆ. ಇನ್ನೂ ಫೋನ್ ಮಾಡೋಕೆ ಧೈರ್ಯ ಬಂದಿಲ್ಲ.

#ಹೊಣಕೆರೆ #ನಾಗಮಂಗಲ #ಮರದಗಾಣ #ಗಾಣದಎಣ್ಣೆ #ಗೂಗಲ್‌ಆಡ್ಸ್ #ಹಳ್ಳಿವ್ಯಾಪಾರ